ಅದೇ ಹೆಸರಿನ ಕೆಂಪು ಡಬ್ಬಿ

"ನಿಮ್ಮಪ್ಪ ಕಲಬೆರಕಿ ಆಯಿಲ್ ಹಾಕ್ಯಾನ," ಎಂದ ಹೇಮಂತ.

ಪ್ರಾರ್ಥನೆ ಮುಗಿದು ಮಕ್ಕಳು ಆಗಷ್ಟೇ ಕ್ಲಾಸಿಗೆ ಬಂದಿದ್ದರು. ಬ್ಯಾಗಿನಿಂದ ಪುಸ್ತಕ ತೆಗೆಯುತ್ತಿದ್ದ ಸೀಮಾ ಹಾಗೇ ನಿಂತಳು.

"ಏನಂದಿ? ಇನ್ನೊಮ್ಮೆ ಅನ್ನು."

"ನೂರು ಸಲ ಅಂತೀನಿ. ನಿಮ್ಮಪ್ಪ ಮೋಸಗಾರ. ನಮ್ಮಮ್ಮನ ಕಾರ್ ಕೆಡಿಸ್ಯಾನ."

ಸೀಮಾ ಕಂಪಾಸ್ ಬಾಕ್ಸ್ ಎತ್ತಿ ಬೀಸಿದಳು. ಅದು ಗೋಡೆಗೆ ಬಡಿದು ಬಾಯಿ ತೆರೆದುಕೊಂಡಿತು. ಅಷ್ಟರಲ್ಲಿ ಸರ್ ಬಂದರು. ಬೈಸಿಕೊಂಡವಳು ಸೀಮಾ ಒಬ್ಬಳೇ. ನಾಲಿಗೆ ಬೀಸಿದವನಿಗೆ ಏನೂ ಇಲ್ಲ, ಡಬ್ಬಿ ಬೀಸಿದವಳಿಗೆ ಶಿಕ್ಷೆ. ಶಾಲೆಯ ನ್ಯಾಯ ಎಷ್ಟೋ ಸಲ ಹೀಗೇ ಇರುತ್ತದೆ.

ಹೇಮಂತನ ಸಿಟ್ಟಿಗೂ ಕಾರಣವಿತ್ತು. ಅವನ ಅಮ್ಮ ಶ್ರೀಲಕ್ಷ್ಮೀ ಪಕ್ಕದ ಊರು ಬೆಳ್ಳಟ್ಟಿಯಲ್ಲಿ ಟೀಚರ್. ಸಣ್ಣಂದಿನಿಂದ ಅವಳ ಎಡಗಾಲಿಗೆ ಬಲವಿಲ್ಲ, ಕ್ಲಚ್ ತುಳಿಯಲು ಆಗದು. ಅದಕ್ಕೇ ಒಂದು ಹಳೆಯ ಆಟೋಮ್ಯಾಟಿಕ್ ಕಾರು ಕೊಂಡಿದ್ದಳು. ಅದರಲ್ಲಿ ಕ್ಲಚ್ ಪೆಡಲ್ಲೇ ಇಲ್ಲ, ಗೇರ್ ತಾನೇ ಬದಲಾಗುತ್ತದೆ. ಗೇರ್ ಪೆಟ್ಟಿಗೆಯೊಳಗಿನ ಕೆಂಪು ಎಣ್ಣೆ ಸರಿಯಿದ್ದರೆ ಮಾತ್ರ ಆ ಕೆಲಸ ನಡೆಯುತ್ತದೆ.

ಸೀಮಾಳ ಅಪ್ಪ ಭೀಮೇಶ ಹೋದ ವಾರ ಆ ಎಣ್ಣೆ ಬದಲಿಸಿದ್ದ. ಅಂದಿನಿಂದ ಕಾರು ಧಡ್ ಧಡ್ ಎಂದು ಜಗ್ಗುತ್ತಿತ್ತು. ಇಂದು ಬಸ್‌ಸ್ಟ್ಯಾಂಡಿನ ಎದುರೇ ನಿಂತುಬಿಟ್ಟಿತು. ಹಿಂದಿದ್ದ ಟಂಟಂ ರಿಕ್ಷಾದವರು ಹಾರ್ನ್ ಹೊಡೆದೇ ಹೊಡೆದರು. ಕಾರನ್ನು ಭೀಮೇಶನ ಗ್ಯಾರೇಜಿಗೆ ತಳ್ಳಿಸಿ, ಅಮ್ಮ ಕಿಕ್ಕಿರಿದ ಬಸ್ಸು ಹತ್ತಿದಳು. ಒಂದೇ ಕಾಲಿನ ಮೇಲೆ ಭಾರ ಹಾಕಿ ಕಂಬಿ ಹಿಡಿದು ನಿಂತಳು. ಅದನ್ನು ನೋಡಿದ ಹೇಮಂತ ಸಿಟ್ಟಿನಲ್ಲೇ ಶಾಲೆಗೆ ಬಂದಿದ್ದ.

ಊಟದ ಹೊತ್ತಿಗೆ ಸುದ್ದಿ ಇಡೀ ಶಾಲೆಗೆ ಹಬ್ಬಿತು. ಅದೇ ಕ್ಲಾಸಿನ ಸುದೀಪ ಅದಕ್ಕೆ ಉಪ್ಪು ಖಾರ ಹಚ್ಚಿದ. ಕಲಬೆರಕೆ ಆಯಿಲ್ ಹೋಗಿ ಸೀಮೆಎಣ್ಣೆ ಆಯಿತು. ಸೀಮಾಳ ಪಕ್ಕ ಕೂರುತ್ತಿದ್ದ ಪ್ರಿಯಾಂಕಾ ಎದ್ದು ಹಿಂದಿನ ಬೆಂಚಿಗೆ ಹೋದಳು. ಹಂಗ ಆಗಬೇಕು ಎಂದುಕೊಂಡ ಹೇಮಂತ.

ಸಂಜೆ ಅಮ್ಮನೊಂದಿಗೆ ಗ್ಯಾರೇಜಿಗೆ ಹೋದಾಗ ಭೀಮೇಶ ಫೋನಿನಲ್ಲಿ ಕೂಗಾಡುತ್ತಿದ್ದ. ಕೈಗೆ ಎಣ್ಣೆ ಮೆತ್ತಿತ್ತು, ಸ್ಪೀಕರ್ ಹಾಕಿದ್ದ.

"ಎರಡೂ ಡಬ್ಬಿ ನನ್ನ ಮುಂದ ಅದಾವ್ರಿ. ಅದ ಹೆಸರು, ಅದ ಕೆಂಪು ಬಣ್ಣ. ಹಳೇದು ಮಂದ ಐತಿ, ಹೊಸದು ನೀರಿನಂಗ ಹರೀತೈತಿ. ಏನ ಆಟ ಹಚ್ಚೀರಿ?"

"ಕಂಪನಿಯವರು ಒಳಗಿನ ಮಿಶ್ರಣ ಬದಲ ಮಾಡ್ಯಾರ್ರಿ," ಗದಗಿನ ಅಂಗಡಿಯವನ ದನಿ ಕೇಳಿತು. "ಹೊಸ ಗಾಡಿ ಮೈಲೇಜ್ ಛಲೋ ಕೊಡ್ಲಿ ಅಂತ ತೆಳ್ಳಗ ಮಾಡ್ಯಾರ. ಮಾಲು ಖರೇನ ಐತಿ. ಹಳೇ ಗಾಡಿಗೆ ಹೊಂದಂಗಿಲ್ಲ, ಅಷ್ಟ."

"ಅಷ್ಟ? ಕೊಡುವಾಗ ಅದನ್ನ ಹೇಳಾಕ ಏನಾಗಿತ್ತು ನಿಮಗ? ಅಕ್ಕಾರು ಇವತ್ತ ನಡುದಾರ್ಯಾಗ ನಿಂತಾರ."

ಭೀಮೇಶ ಫೋನ್ ಕಟ್ ಮಾಡಿ ತಿರುಗಿದ. "ತಪ್ಪು ನಂದೂ ಐತ್ರಿ ಅಕ್ಕಾರ. ಹೆಸರು ನೋಡಿ ಹಾಕಿಬಿಟ್ಟೆ. ಯಾವ ಗಾಡಿಗೆ ಅಂತ ಓದಲಿಲ್ಲ."

"ಹೆಸರು ಒಂದ ಇಟ್ಟು ಒಳಗಿಂದು ಬದಲ ಮಾಡಿದ್ರ ಯಾರಿಗೆ ತಿಳೀತದ, ಭೀಮೇಶಣ್ಣ?" ಅಮ್ಮನಿಗೂ ಸಿಟ್ಟು ಬಂದಿತ್ತು.

"ಹಂಗಾರ ಅದು ಕಲಬೆರಕಿ ಅಲ್ಲೇನು ಕಾಕಾ?" ಹೇಮಂತ ಮೆಲ್ಲಗೆ ಕೇಳಿದ.

"ಅಲ್ಲಪಾ. ಬ್ಯಾಳಿ ಹಾಕಿದ್ರೂ ಹೋಳಗಿ, ಶೇಂಗಾ ಹಾಕಿದ್ರೂ ಹೋಳಗಿ. ಒಂದು ಮೆತ್ತಗ, ಒಂದು ಗಟ್ಟಿ. ಹಲ್ಲಿಲ್ಲದ ಮುದುಕಿಗೆ ಯಾವುದು ಕೊಡಬೇಕು ಅನ್ನೂದು ಗೊತ್ತಿರಬೇಕು."

ಮೂಲೆಯಲ್ಲಿ ಹಳೆಯ ಟಯರಿನ ಮೇಲೆ ಕೂತಿದ್ದ ಸೀಮಾ ಹೇಮಂತನನ್ನೇ ದಿಟ್ಟಿಸುತ್ತಿದ್ದಳು. ಶಾಲೆಯ ಸಂಗತಿಯನ್ನು ಅವಳು ಅಪ್ಪನಿಗೆ ಹೇಳಿರಲಿಲ್ಲ. ಹೇಳಿದ್ದರೆ ಭೀಮೇಶ ಕಾಕಾ ತನ್ನ ಜೊತೆ ಹೀಗೆ ಮಾತಾಡುತ್ತಿರಲಿಲ್ಲ ಎಂದು ಹೇಮಂತನಿಗೆ ಗೊತ್ತಿತ್ತು.

ಹೊಸ ಎಣ್ಣೆ ತೆಳ್ಳಗಿದೆ ಎಂದು ಕಂಡ ಕೂಡಲೇ, ಹಳೇ ಗಾಡಿಗೆ ಹೊಂದುವ ಬೇರೆ ಎಣ್ಣೆಯನ್ನು ಭೀಮೇಶ ಮಧ್ಯಾಹ್ನದ ಬಸ್ಸಿಗೆ ತರಿಸಿದ್ದ. ಕಾರಿನ ಕೆಳಗೆ ನುಸುಳಿ, ಒಳಗಿದ್ದುದನ್ನು ಟ್ರೇಗೆ ಇಳಿಸಿದ.

"ಎಲ್ಲಾ ಹೋತೇನು?" ಅಮ್ಮ ಕೇಳಿದಳು.

"ಇಲ್ರಿ. ಅರ್ಧ ಅಷ್ಟ ಇಳೀತೈತಿ, ಉಳಿದದ್ದು ಪೆಟ್ಟಿಗಿ ಸಂದ್ಯಾಗ ಕುಂತಿರತೈತಿ. ಇದನ್ನ ಹಾಕಿ ನಾಕ ದಿನ ಓಡಸ್ರಿ. ಮತ್ತ ಇಳಸೂಣು, ಮತ್ತ ಹಾಕೂಣು. ಒಳಗ ಹೊಕ್ಕದ್ದು ಒಂದ ಸಲಕ್ಕ ಹೊರಗ ಬರಂಗಿಲ್ಲ."

ಹೇಮಂತ ಟಯರಿನ ಬಳಿ ಹೋದ. "ಸಾರಿ," ಎಂದ.

"ನನಗ್ಯಾಕ ಹೇಳ್ತಿ?" ಎಂದಳು ಸೀಮಾ. "ಕ್ಲಾಸಿನಾಗ ಒದರಿದಿ, ಅಲ್ಲೇ ಒದರು."

ಮರುದಿನ ಹೇಮಂತ ಕ್ಲಾಸಿನ ಮುಂದೆ ನಿಂತ. "ಸೀಮಾನ ಅಪ್ಪ ಮೋಸ ಮಾಡಿಲ್ಲ. ಕಂಪನಿಯವರು ಆಯಿಲ್ ಬದಲ ಮಾಡ್ಯಾರ. ನಾನು ತಿಳೀಲಾರದ ಹೇಳಿದ್ದೆ."

ಕೆಲವರು ಕೇಳಿಸಿಕೊಂಡರು, ಕೆಲವರು ಹರಟುತ್ತಲೇ ಇದ್ದರು. "ಬೆಂಕಿ ಇಲ್ಲದ ಹೊಗಿ ಬರತೈತೇನಲೇ?" ಎಂದು ಸುದೀಪ ಹಿಂದಿನಿಂದ ನಕ್ಕ.

ಹೇಮಂತನಿಗೆ ಅವನ ಕಾಲರ್ ಹಿಡಿದು ಎಳೆಯಬೇಕೆನಿಸಿತು. ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು. ಆದರೆ ಸುದೀಪನಿಗೆ ಆ ಬೆಂಕಿ ಕೊಟ್ಟವನು ಯಾರು? ಹೇಮಂತ ಎತ್ತಿದ್ದ ಕೈ ಇಳಿಸಿದ.

ಸೀಮಾಳ ಪಕ್ಕದ ಜಾಗ ಇನ್ನೂ ಖಾಲಿಯಿತ್ತು. ಅವಳು ತಲೆ ಎತ್ತಲಿಲ್ಲ.

ಬಿಡುವಿನ ಗಂಟೆ ಹೊಡೆಯಿತು. ನಳದ ಬಳಿ ಪಕ್ಕದ ಕ್ಲಾಸಿನವರು ನೀರು ಕುಡಿಯುತ್ತಿದ್ದರು. ನಿನ್ನೆ ಸೀಮೆಎಣ್ಣೆಯ ಕತೆ ಕೇಳಿ ನಕ್ಕವರು ಅವರೇ. ಟ್ರೇ ತುಂಬಿದ ಮೇಲೂ ಅರ್ಧ ಒಳಗೇ ಇದೆ ಎಂದು ಭೀಮೇಶ ಕಾಕಾ ಹೇಳಿದ್ದು ಹೇಮಂತನಿಗೆ ನೆನಪಾಯಿತು.

ಅವನು ಅವರತ್ತ ನಡೆದ. "ಇಲ್ಲೆ ಕೇಳ್ರಿಲೇ," ಎಂದು ಮತ್ತೆ ಮೊದಲಿನಿಂದ ಹೇಳತೊಡಗಿದ.