ಬಾವಿ ಬಿಟ್ಟ ಆಮೆ

ಬಿಸಿಲಿಳಿಯುವುದರೊಳಗೆ ಆಮೆಯನ್ನು ಮಂಜೀರಾ ಅಭಯಾರಣ್ಯದ ನೀರಿಗೆ ಬಿಡಬೇಕಿತ್ತು. ಸುಲ್ತಾನ್ ಬಜಾರಿನ ಆ ಹಳೆಯ ಮನೆಯ ಬಾವಿಯನ್ನು ಮರುದಿನವೇ ಮುಚ್ಚುವವರಿದ್ದರು. ಮಂಜೀರಾ ನದಿಯ ನೀರು ಅಂಗಳದ ನಲ್ಲಿಗೇ ಬಂದ ಮೇಲೆ ಬಾವಿ ಯಾರಿಗೆ ಬೇಕು? ಗೋದಾಬಾಯಿಗೆ ಬೇಕಿತ್ತು. ನಲ್ಲಿಯೊಳಗೆ ತೊಗಲಿನ ವಾಷರ್ ಇರುತ್ತದೆಂದು ಆ ಮಡಿಹೆಂಗಸು ಅದರ ಹನಿಯನ್ನೂ ಮುಟ್ಟಿದವರಲ್ಲ. ಬಾವಿ ಚೊಕ್ಕಟವಾಗಿರಲೆಂದು ಆಮೆಯನ್ನು ಬಿಟ್ಟವರೂ ಅವರೇ. ಮಕ್ಕಳಿಲ್ಲದ ಅವರು ದಿನಾ ಮಾತಾಡಿಸುತ್ತಿದ್ದ ಜೀವ ಅದು.

ಗೋದಾಬಾಯಿಯ ಜೊತೆಗೆ ಹೊರಟವರು ಇಬ್ಬರು: ಮೈದುನನ ಮಗ ಪ್ರಹ್ಲಾದ, ಮಾಳಿಗೆಯ ಬಾಡಿಗೆದಾರ ವೀರಭದ್ರಪ್ಪ. ಅರಣ್ಯ ಇಲಾಖೆಯ ಅನುಮತಿಗೆ ಓಡಾಡಿಯೇ ಪ್ರಹ್ಲಾದ ಅರ್ಧ ಸೋತಿದ್ದ.

ಮೆಹದಿಪಟ್ಟಣಂನಲ್ಲಿ ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ಆಮೆಯಿದ್ದ ಬಕೇಟು ವಾಲಿ, ತುಂಬಿ ತಂದಿದ್ದ ಬಾವಿಯ ನೀರೆಲ್ಲ ಚೆಲ್ಲಿತು. ಗೋದಾಬಾಯಿ ತಾವು ಕುಡಿಯಲು ತಂದಿದ್ದ ಚೊಂಬಿನ ನೀರನ್ನೇ ಆಮೆಯ ಮೇಲೆ ಸುರಿದರು. ಪಟಾನ್‌ಚೆರುವಿನಲ್ಲಿ ಬಸ್ಸು ಕೆಟ್ಟು ನಿಂತಾಗ ಅದೂ ಆರಿಹೋಗಿತ್ತು. ಆಮೆಯ ಕುತ್ತಿಗೆ ಜೋತುಬಿತ್ತು.

"ಅಲ್ಲಿ ನಲ್ಲಿ ಐತ್ರಿ ಬಾಯಾರ. ನೀರು ತರ್ಲೇನ್ರಿ?" ಎಂದ ವೀರಭದ್ರಪ್ಪ.

"ಬ್ಯಾಡ. ತೊಗಲು ತಾಗಿದ ನೀರು."

"ಆಮಿಗೆ ಎಲ್ಲೀ ಮಡಿ, ಕಾಕು? ಸಾಯ್ಲಿಕ್ಕತ್ತದ ಅದು!" ಪ್ರಹ್ಲಾದ ಸಿಡುಕಿದ.

ಗೋದಾಬಾಯಿ ಬಕೇಟನ್ನು ವೀರಭದ್ರಪ್ಪನತ್ತ ತಳ್ಳಿ ಮುಖ ತಿರುಗಿಸಿ ಕೂತರು. ನಲ್ಲಿಯ ನೀರು ಬಿದ್ದ ಮೇಲೆ ಆಮೆ ಕಣ್ಣು ಬಿಟ್ಟಿತು. ಗೋದಾಬಾಯಿ ಮಾತ್ರ ಬಾಯಾರಿಕೆ ತಡೆದುಕೊಂಡೇ ಉಳಿದರು.

ಬೇರೆ ಬಸ್ಸು ಹಿಡಿದು, ಸಂಗಾರೆಡ್ಡಿ ದಾಟಿ ಇಳಿದ ಮೇಲೆ ನಡೆದದ್ದೇ ನಡೆದದ್ದು. ಕೊನೆಗೆ ಮಂಜೀರಾ ಜಲಾಶಯದ ಹಿನ್ನೀರು ಕಂಡಿತು. ನೀರಿನ ನಡುವೆ ಅಲ್ಲಲ್ಲಿ ನಡುಗಡ್ಡೆ, ಅಲ್ಲಿನ ಜಾಲಿಮರಗಳ ತುಂಬ ಕೊಕ್ಕರೆಗಳ ಗದ್ದಲ. ದಡದುದ್ದಕ್ಕೂ ಆಳೆತ್ತರದ ಜೊಂಡು, ಕೆಸರು, ಕೊಳೆತ ಎಲೆಯ ವಾಸನೆ. ನೋಡಿ ಸಂತೋಷಪಡುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ.

"ಮೊಸಳ್ಳು ಉನ್ನಾಯಮ್ಮಾ, ಜಾಗ್ರತ್ತ," ಎಂದು ಅಭಯಾರಣ್ಯದ ಕಾವಲುಗಾರ ತೆಲುಗಿನಲ್ಲಿ ಮೊಸಳೆಗಳಿವೆಯೆಂದು ಎಚ್ಚರಿಸಿ, ಆಮೆ ಬಿಡಲು ಜೊಂಡು ದಟ್ಟವಾಗಿದ್ದ ಕಡೆ ಕೈ ತೋರಿದ.

ವೀರಭದ್ರಪ್ಪ ಮೊಣಕಾಲುದ್ದ ಕೆಸರಿಗಿಳಿದು ಆಮೆಯನ್ನು ಬಿಟ್ಟ. ಅದು ಕದಲಲಿಲ್ಲ. ಬಾವಿಯ ಗೋಡೆ ಬಿಟ್ಟು ಬೇರೇನೂ ಕಾಣದ ಪ್ರಾಣಿ!

"ಹೋಗೋ, ನಮ್ಮಪ್ಪ," ಎಂದು ಗೋದಾಬಾಯಿ ದಡದಿಂದ ಬಗ್ಗಿ ಕೈಬೀಸಿದರು.

ಪಕ್ಕದಲ್ಲಿದ್ದ ಕೊರಡೊಂದು ಕಣ್ಣು ತೆರೆಯಿತು.

"ವೀರಭದ್ರಪ್ಪಾ, ಹಿಂದ ಸರೀರಿ!" ಪ್ರಹ್ಲಾದ ಕೂಗಿದ.

ವೀರಭದ್ರಪ್ಪನ ಕಾಲು ಕೆಸರಿನಲ್ಲಿ ಹೂತಿತ್ತು. ಪ್ರಹ್ಲಾದ ಧುಮುಕಿ ಅವನ ಕಂಕುಳಿಗೆ ಕೈಹಾಕಿ ಎಳೆದ. ಗೋದಾಬಾಯಿ ಬಕೇಟನ್ನು ಬೀಸಿ ಎಸೆದರು. ಅದು ಢಣ್ಣನೆ ಮೊಸಳೆಯ ಮೂತಿಗೆ ಬಡಿಯಿತು. ಮೊಸಳೆ ಬಾಲ ಬಡಿದು ಆಳಕ್ಕೆ ಹೊರಳಿತು. ಕೆಸರೆಲ್ಲ ಮೂವರ ಮುಖಕ್ಕೆ ಸಿಡಿಯಿತು.

ಕಣ್ಣೊರೆಸಿಕೊಂಡು ನೋಡಿದರೆ ಆಮೆ ಇರಲಿಲ್ಲ. ಮೊಸಳೆಯ ಬಾಯಿಗೆ ಹೋಯಿತೆಂದೇ ಗೋದಾಬಾಯಿ ಎಣಿಸಿದರು. ಸ್ವಲ್ಪ ಹೊತ್ತಿಗೆ ಜೊಂಡಿನ ಒಳಗೆ ಪುಟ್ಟ ಮೂಗೊಂದು ಮೇಲೆದ್ದು ಮತ್ತೆ ಮುಳುಗಿತು.

ಮನೆ ಮುಟ್ಟುವಾಗ ರಾತ್ರಿಯಾಗಿತ್ತು. ಗೋದಾಬಾಯಿ ಇನ್ನೂ ಹನಿ ನೀರು ಕುಡಿದಿರಲಿಲ್ಲ. ಪ್ರಹ್ಲಾದ ಬಾವಿಗೆ ಹಗ್ಗ ಬಿಡಲು ಹೋದ.

"ಬ್ಯಾಡೋ. ಅದರಾಗ ಈಗ ಯಾರಿದ್ದಾರ?"

ಅವರೇ ಎದ್ದು ಹೋಗಿ ಅಂಗಳದ ಮಂಜೀರಾ ನೀರಿನ ನಲ್ಲಿ ತಿರುಗಿಸಿದರು. ಬೊಗಸೆ ಒಡ್ಡಿ ಗಟಗಟನೆ ಕುಡಿದರು.

"ತೊಗಲಿನ ವಾಸನಿ ಬರ್ತದೇನ್ರಿ, ಕಾಕು?"

"ಇಲ್ಲೋ. ನಮ್ಮ ಆಮಿ ವಾಸನಿ ಬರ್ತದ," ಎನ್ನುತ್ತ ಗೋದಾಬಾಯಿ ಇನ್ನೊಂದು ಬೊಗಸೆ ಹಿಡಿದರು.