ಅಧ್ಯಕ್ಷೆ ನಕ್ಕ ದಿನ

"ಮೇಡಂ, ಸ್ವಲ್ಪ ನಗಿ!"

ನಗರಸಭೆಯ ಹೊಸ ಅಧ್ಯಕ್ಷೆ ಕುರ್ಚಿಯಲ್ಲಿ ಕೂತು ಎರಡು ನಿಮಿಷವೂ ಆಗಿರಲಿಲ್ಲ. ಮೇಜಿನ ಆಚೆ ಒಂದು ಕಣ್ಣು ಮುಚ್ಚಿ ಕ್ಯಾಮರಾ ಹಿಡಿದು ನಿಂತಿದ್ದವನನ್ನು ಆಕೆ ದುರುಗುಟ್ಟಿ ನೋಡಿದಳು.

"ನನಗಿಂತ ಮುಂಚೆ ಹದಿನೈದು ವರ್ಷ ಇಲ್ಲೇ ಕೂತಿದ್ರಲ್ಲ ಹಳೇ ಅಧ್ಯಕ್ಷರು... ಅವರಿಗೆ ಯಾವತ್ತಾದ್ರೂ ನಗಿ ಅಂದಿದ್ರಾ?"

ಕೋಣೆಯಲ್ಲಿದ್ದ ಸದಸ್ಯರೆಲ್ಲ ಅವನತ್ತ ತಿರುಗಿದರು. ಕ್ಯಾಮರಾ ಮೆಲ್ಲಗೆ ಕೆಳಗಿಳಿಯಿತು.

"ಇಲ್ಲ ಮೇಡಂ. ಅವರು ನಕ್ಕರೆ ಪೇಪರ್ ಓದೋರು ಹೆದರ್ಕೋತಿದ್ರು."

ಎಲ್ಲರೂ ಗೊಳ್ಳೆಂದರು. ಆಕೆ ಮಾತ್ರ ತುಟಿ ಕಚ್ಚಿ ನಗು ನುಂಗಿಕೊಂಡಳು.

"ಆದ್ರೂ ತಪ್ಪಾಯ್ತು," ಎಂದ ಅವನು. "ಇನ್ಮೇಲೆ ಕೇಳಲ್ಲ."

ಕೇಳಲೂ ಇಲ್ಲ, ಪೂರ್ತಿ ಎರಡು ವರ್ಷ! ಊರಿನ ದೊಡ್ಡ ಪತ್ರಿಕೆಯ ಫೋಟೋಗ್ರಾಫರ್ ಅವನು. ಜವಾನರಿಂದ ಹಿಡಿದು ಸದಸ್ಯರವರೆಗೆ ಎಲ್ಲರ ಬಾಯಲ್ಲೂ ಫ್ಲ್ಯಾಶಣ್ಣ.

ಕುರ್ಚಿಯೇರಿದ ಮರುದಿನದ ಪತ್ರಿಕೆಯಲ್ಲಿ ಆಕೆಯ ಚಪ್ಪಲಿಯ ಬಣ್ಣ ಬಂತು, ಕೂದಲು ಕತ್ತರಿಸಿಕೊಂಡ ಬಗೆ ಬಂತು, ಮೂವತ್ತಾರಾದರೂ ಮದುವೆ ಯಾಕಾಗಿಲ್ಲ ಎಂಬ ಚಿಂತೆಯೂ ಬಂತು. ಹನ್ನೆರಡು ವರ್ಷ ಕಟ್ಟಡಗಳ ಎಂಜಿನಿಯರ್ ಆಗಿದ್ದಳೆಂಬುದು ಕೊನೆಯ ಸಾಲಿನಲ್ಲಿ ಮುದುಡಿಕೊಂಡಿತ್ತು.

ಹಳೇ ಅಧ್ಯಕ್ಷರು ಸಭೆಯಲ್ಲಿ ಮೇಜು ಗುದ್ದಿದರೆ 'ಗುಡುಗಿದ ನಾಯಕ'. ಆಕೆ ದನಿ ಎತ್ತರಿಸಿದರೆ 'ಸಿಡುಕಿ'. ಎತ್ತರಿಸದಿದ್ದರೆ 'ಇವಳ ಕೈಲಾಗುತ್ತಾ?' ಅತ್ತರೆ ನಾಟಕ, ಅಳದಿದ್ದರೆ ಕಲ್ಲು ಹೃದಯ. ಹೇಳಿ ನೋಡೋಣ, ಆ ಹೆಣ್ಣುಮಗಳು ತನ್ನ ಮುಖವನ್ನು ಎಲ್ಲಿಟ್ಟುಕೊಳ್ಳಬೇಕಿತ್ತು?

ಪ್ರತಿ ಸೋಮವಾರ ಸಭೆ ಮುಗಿದ ಮೇಲೆ ಕಾರಿಡಾರಿನ ಕಿಟಕಿಯ ಬಳಿ ಅವನು ಚಹಾ ಹಿಡಿದು ನಿಂತಿರುತ್ತಿದ್ದ. ಆಕೆಯ ಕೈಗೂ ಒಂದು ಲೋಟ ಬರುತ್ತಿತ್ತು.

"ಇವತ್ತು ನಮ್ಮ ಪುಟ ಮಾಡೋ ಡೆಸ್ಕಿನವರು ನಿಮ್ಮ ಚಪ್ಪಲಿ ಫೋಟೋ ಕೇಳಿದ್ರು."

"ನೀವೇನಂದ್ರಿ?"

"ಮೇಡಂಗೆ ಕಾಲೇ ಇಲ್ಲ, ಬರೀ ತಲೆ ಅಂದೆ."

ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಗು ಕಾಣಬಾರದಲ್ಲ!

"ಊರಿಗೆಲ್ಲ ಅಣ್ಣ ನೀವು, ಫ್ಲ್ಯಾಶು. ಆ ಅಣ್ಣನ್ನ ನಾನೊಬ್ಳು ಬಿಟ್ಟುಬಿಡ್ತೀನಿ."

ಅಂದ ಮೇಲೆ ಕೆನ್ನೆ ಬಿಸಿಯಾಯಿತು. ಅಯ್ಯೋ, ಏನಂದುಬಿಟ್ಟೆ ನಾನು! ಅವನು ಖಾಲಿ ಲೋಟವನ್ನೇ ಮತ್ತೊಮ್ಮೆ ಬಾಯಿಗಿಟ್ಟುಕೊಂಡ.

ಆಕೆಯ ನಿದ್ದೆ ಕೆಡಿಸಿದ್ದು ಹಳೆಯ ಮಾರುಕಟ್ಟೆ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಕಟ್ಟಡ, ಎರಡರ ಕಂಬಗಳಲ್ಲೂ ಬಿರುಕು. ಎರಡನ್ನೂ ಮುಚ್ಚಬೇಕೆಂದು ಮೂರು ಸಲ ಸಭೆಯ ಮುಂದಿಟ್ಟಳು. ಮೂರು ಸಲವೂ ಹಳೇ ಅಧ್ಯಕ್ಷರ ಗುಂಪು ಕೂಗಾಡಿ ಆ ಪ್ರಸ್ತಾವವನ್ನು ಕೆಡವಿತು. 'ವ್ಯಾಪಾರಿಗಳ ಹೊಟ್ಟೆ ಮೇಲೆ ಸಿಡುಕಿಯ ಕಾಲು' ಎಂದಿತು ಪತ್ರಿಕೆ.

ಒಂದು ಬೆಳಗ್ಗೆ ಪೂರ್ವದ ಕಟ್ಟಡದ ಚಾವಣಿ ಕುಸಿಯಿತು. ಮೂವರು ಸತ್ತರು.

ಆಸ್ಪತ್ರೆಯಲ್ಲಿ ಆರು ವರ್ಷದ ಹುಡುಗಿ, ತಲೆಗೆ ಬ್ಯಾಂಡೇಜು. ಸತ್ತವರಲ್ಲಿ ಅವಳ ಅಮ್ಮನೂ ಒಬ್ಬಳು. ಮಗುವಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಪಕ್ಕದಲ್ಲಿ ಅಜ್ಜಿ ಕಲ್ಲಿನಂತೆ ಕೂತಿದ್ದಳು. ಸೂಜಿ ಕಂಡು ಚೀರುತ್ತಿದ್ದ ಮಗು, ಹಾಸಿಗೆಯ ಬಳಿ ಕುಕ್ಕರಗಾಲಲ್ಲಿ ಕೂತ ಆಕೆಯನ್ನು ನೋಡಿ ಥಟ್ಟನೆ ಅಳು ನಿಲ್ಲಿಸಿತು.

"ಪೇಪರ್‌ನಲ್ಲಿ ಬರೋ ಸಿಡುಕಿ ಆಂಟಿ ನೀವೇನಾ?"

ಆಕೆಗೆ ನಗು ಬಂದೇಬಿಟ್ಟಿತು. ಮಗುವೂ ನಕ್ಕಿತು. ಅಷ್ಟರಲ್ಲಿ ನರ್ಸ್ ಸೂಜಿ ಚುಚ್ಚಿ ಮುಗಿಸಿದ್ದಳು.

ಬಾಗಿಲ ಬಳಿ ಕ್ಯಾಮರಾ ಕ್ಲಿಕ್ ಎಂದಿತು.

ಮರುದಿನ ಮುಖಪುಟದ ತುಂಬ ಆಕೆಯ ಮುಖ. ಮಗು ಇಲ್ಲ, ಹಾಸಿಗೆ ಇಲ್ಲ, ಬರೀ ನಗು. ಮೇಲೆ ದಪ್ಪ ಅಕ್ಷರ: 'ಮೂರು ಹೆಣ ಬಿದ್ದ ದಿನ ಅಧ್ಯಕ್ಷೆಯ ನಗೆ!' ಕೆಳಗೆ ಸಣ್ಣದಾಗಿ ಅವನ ಹೆಸರು.

"ಆಡಿಕೊಳ್ಳೋರ ಮುಂದೆ ಎಡವಿ ಬಿದ್ದ ಹಾಗಾಯ್ತಲ್ಲೇ ಪುಟ್ಟಿ..." ಎಂದು ಆಕೆಯ ಅಮ್ಮ ಪತ್ರಿಕೆಯನ್ನು ಮಡಚಿ ದಿಂಬಿನ ಕೆಳಗೆ ಬಚ್ಚಿಟ್ಟಳು. ಊರೆಲ್ಲ ಓದಿಯಾಗಿತ್ತು!

ಅವನು ಹದಿನೇಳು ಸಲ ಫೋನ್ ಮಾಡಿದ. ಆಕೆ ಎತ್ತಲಿಲ್ಲ.

'ಎರಡು ವರ್ಷ ಚಹಾ ಕೊಟ್ಟು ಕಾದು ಹೊಡೆದನಲ್ಲ...' ಸತ್ತವರ ಮನೆಯವರು ಮುಖಕ್ಕೆ ಬಾಗಿಲು ಹಾಕಿದಾಗ ಆಗದಷ್ಟು ನೋವು ಈ ಒಂದು ಯೋಚನೆಯಿಂದ ಆಗುತ್ತಿತ್ತು. ಅದಕ್ಕೆ ಆಕೆಗೆ ನಾಚಿಕೆಯೂ ಆಗುತ್ತಿತ್ತು.

ಐದನೆಯ ದಿನ ಅವಿಶ್ವಾಸ ಮತ. ಪಶ್ಚಿಮದ ಕಟ್ಟಡಕ್ಕೆ ಆಕೆ, ಅಪಘಾತವಾದ ಮೇಲೆ ಮಾತ್ರ ಸಿಗುವ ತುರ್ತು ಅಧಿಕಾರ ಬಳಸಿ, ತನ್ನ ಸಹಿಯಲ್ಲೇ ಬೀಗ ಹಾಕಿಸಿದ್ದಳು. ಕುರ್ಚಿ ಇರುವವರೆಗೆ ಬೀಗ. ಕುರ್ಚಿ ಹೋದರೆ ಮರುದಿನವೇ ಅದನ್ನು ತೆಗೆಸುತ್ತೇನೆಂದು ಹಳೇ ಅಧ್ಯಕ್ಷರು ಸಾರಿಬಿಟ್ಟಿದ್ದರು.

ಮೂರು ಗಂಟೆಗೆ ಮತ. ಹತ್ತು ನಿಮಿಷ ಇರುವಾಗ ಅವನು ಜವಾನನನ್ನು ತಳ್ಳಿಕೊಂಡೇ ಆಕೆಯ ಕೋಣೆಗೆ ನುಗ್ಗಿದ.

"ಹೊರಗೆ ಹೋಗಿ."

"ಹೋಗ್ತೀನಿ. ಇದನ್ನ ನೋಡಿ ಬೈದು ಕಳಿಸಿ."

ಲಕೋಟೆಯಲ್ಲಿ ಪೂರ್ತಿ ಫೋಟೋ ಇತ್ತು. ಬ್ಯಾಂಡೇಜು ಸುತ್ತಿದ ಪುಟ್ಟ ತಲೆ, ಸೂಜಿ, ಆಕೆಯ ಬೆರಳನ್ನು ಹಿಡಿದ ಪುಟ್ಟ ಕೈ.

"ಗಾಯಗೊಂಡ ಮಕ್ಕಳ ಮುಖ ಹಾಕಬಾರದು ಅಂತ ನಮ್ಮಲ್ಲಿ ನಿಯಮ. ಕ್ಯಾಮರಾ ಕಾರ್ಡು ಡೆಸ್ಕಿಗೆ ಕೊಡುವಾಗ ಚೀಟಿ ಬರೆದಿದ್ದೆ, ಇದರಲ್ಲಿ ಮಗು ಇದೆ, ಮುಖ ಕಾಣಬಾರದು ಅಂತ. ಮಗು ಇಲ್ಲದೆ ಇದರಲ್ಲಿ ಇನ್ನೇನಿದೆ, ಪಕ್ಕಕ್ಕಿಡ್ತಾರೆ ಅಂದ್ಕೊಂಡೆ. ಅವರು ನಿಯಮ ಪಾಲಿಸಿದ್ರು ಮೇಡಂ. ಮಗೂನ ಕತ್ತರಿಸಿ, ನಿಮ್ಮನ್ನ ಉಳಿಸ್ಕೊಂಡ್ರು."

"ಅಳಿಸಿಬಿಟ್ಟು ಕೊಡಬಹುದಿತ್ತಲ್ಲ! ಯಾಕೆ ಅಳಿಸಲಿಲ್ಲ?"

ಅವನು ತಲೆ ತಗ್ಗಿಸಿದ.

"ಮನಸ್ಸು ಬರಲಿಲ್ಲ. ಎರಡು ವರ್ಷಕ್ಕೆ ಒಂದೇ ಸಲ ನಕ್ಕಿದ್ರಿ... ಇಟ್ಕೊಳ್ಳೋಣ ಅನ್ನಿಸ್ತು."

ಇದನ್ನೇ, ಇದೇ ಮಾತನ್ನೇ ಬೇರೆ ಯಾವ ದಿನವಾದರೂ ಕೇಳಿಸಿಕೊಂಡಿದ್ದರೆ!

"ಒಳಗೆ ಎಲ್ಲರಿಗೂ ತೋರಿಸಿ," ಎಂದ ಅವನು. "ಎರಡು ಓಟು ತಿರುಗಿದ್ರೂ ಸಾಕು. ಗೆಲ್ತೀರಿ."

ಹೌದು, ಗೆಲ್ಲುತ್ತಿದ್ದಳು. ಆಕೆ ಫೋಟೋದಲ್ಲಿದ್ದ ಮಗುವಿನ ಮುಖ ನೋಡಿದಳು. ಅಮ್ಮ ಸಂಜೆ ಬರುತ್ತಾಳೆಂದು ನಂಬಿ ನಕ್ಕ ಮುಖ.

"ಇದನ್ನ ಒಳಗೆ ತೋರಿಸಿದ್ರೆ ನಾಳೆ ಯಾವ ಪೇಪರ್‌ನಲ್ಲಿ ಬರುತ್ತೆ?"

"ಎಲ್ಲದರಲ್ಲೂ."

"ನಿಯಮ?"

"ಇಷ್ಟು ದೊಡ್ಡ ಸುದ್ದಿ ಆದ್ಮೇಲೆ... ಯಾರು ನೋಡ್ತಾರೆ."

"ಅವಳಜ್ಜಿಗೆ ಆಸ್ಪತ್ರೆಯಲ್ಲೇ ಮಾತು ಕೊಟ್ಟಿದ್ದೀನಿ ಫ್ಲ್ಯಾಶು. ಮಗೂನ ಪೇಪರ್‌ಗೆ ಹಾಕಿಸಲ್ಲ ಅಂತ."

"ಆದ್ರೆ ಆ ಬೀಗ? ಆ ಕಟ್ಟಡದಲ್ಲೂ ಮಕ್ಕಳಿರ್ತಾರಲ್ಲ!"

ಆಕೆಯ ಮುಂದೆ ಇದ್ದದ್ದು ಕಂಬಗಳ ವರದಿ ಮಾತ್ರ. ಅದನ್ನೇ ಎತ್ತಿಕೊಂಡು ಸಭೆಗೆ ಹೋದಳು. ಲಕೋಟೆ ಮೇಜಿನ ಡ್ರಾಯರಿನಲ್ಲೇ ಉಳಿಯಿತು.

ನಲವತ್ತು ನಿಮಿಷ ಕಂಬ, ಕಬ್ಬಿಣ, ಬಿರುಕು ಎಂದು ಗಂಟಲು ಹರಿದುಕೊಂಡಳು. ಪತ್ರಕರ್ತರ ಸಾಲಿನಲ್ಲಿ ಒಂದು ಪೆನ್ನೂ ಅಲ್ಲಾಡಲಿಲ್ಲ. ಕೊನೆಗೆ ಒಬ್ಬ ಎದ್ದು ಕೇಳಿದ, "ಮೇಡಂ, ಅವತ್ತು ಯಾಕೆ ನಕ್ಕಿರಿ?"

ಮಗುವಿನ ಮಾತೆತ್ತಿದರೆ ಸಂಜೆಯೊಳಗೆ ಕ್ಯಾಮರಾಗಳೆಲ್ಲ ಆ ಹಾಸಿಗೆಯ ಸುತ್ತ ನಿಲ್ಲುತ್ತವೆಂದು ಆಕೆ ವರದಿಯನ್ನು ಮಡಚಿ ಕೂತಳು.

ವಿರುದ್ಧ ಹದಿನೇಳು, ಪರ ಹದಿನಾಲ್ಕು. ಸೋತಳು.

ಹಿಂದಿನ ಮೆಟ್ಟಿಲಿಳಿದು ಬಂದಾಗ ಕೆಳಗಿನ ಗೋಡೆಯ ಫಲಕದಿಂದ ಜವಾನ ಆಕೆಯ ಬೀಗದ ಆದೇಶವನ್ನು ಆಗಲೇ ಕೀಳುತ್ತಿದ್ದ. ಆಕೆಯನ್ನು ಕಂಡು ಕೈ ಹಿಂದಕ್ಕೆಳೆದುಕೊಂಡ. "ತೆಗೀರಿ ಅಣ್ಣ, ಅದು ನಿಮ್ಮ ಕೆಲಸ," ಎಂದಳು. ಅಷ್ಟು ಹೇಳಿ ಮೆಟ್ಟಿಲ ಮೇಲೆಯೇ ಕೂತಳು.

ಪಕ್ಕದಲ್ಲಿ ಯಾರೋ ಬಂದು ಕೂತರು. ಕೈಯಲ್ಲಿ ಎರಡು ಲೋಟ ಚಹಾ.

"ಕ್ಯಾಮರಾ ಎಲ್ಲಿ?"

"ಆಫೀಸಿನಲ್ಲೇ ಬಿಟ್ಟು ಬಂದೆ. ಕೆಲಸಾನೂ."

"ಹುಚ್ಚಾ ನಿಮಗೆ? ಹೊಟ್ಟೆಗೇನು ಮಾಡ್ತೀರಿ?"

"ಗೊತ್ತಿಲ್ಲ." ಲೋಟ ಆಕೆಯ ಕೈಗಿಟ್ಟ. "ನನ್ನಿಂದಲೇ ಎಲ್ಲ ಆಯ್ತು. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ. ಆದ್ರೂ ಹೇಳಿಬಿಡ್ತೀನಿ... ನೀವಂದ್ರೆ ನನಗೆ ಪ್ರಾಣ. ಮೊದಲನೇ ದಿನ ಬೈದ್ರಲ್ಲ, ಅವತ್ತಿಂದ."

ಆಕೆ ಅತ್ತಳು. ಎರಡು ವರ್ಷದಲ್ಲಿ ಮೊದಲ ಸಲ, ಬಿಕ್ಕಿ ಬಿಕ್ಕಿ. ಯಾರೂ ಫೋಟೋ ತೆಗೆಯಲಿಲ್ಲ.

"ನನಗೂ..." ಎಂದಳು, ಅಳುವಿನ ನಡುವೆ. "ನನಗೂ ಅವತ್ತಿಂದಲೇ. ಈಗ ಹೇಳಿ ಏನು ಬಂತು? ನಾಳೆ ಬೆಳಗ್ಗೆ ಆ ಬಾಗಿಲು ತೆಗೀತಾರೆ."

"ತೆಗೀತಾರೆ."

"ನಾನಿನ್ನು ಯಾವತ್ತಾದ್ರೂ ನಗ್ತೀನಾ... ನನಗೇ ಗೊತ್ತಿಲ್ಲ."

"ನಗಬೇಡಿ."

"ಮತ್ತೆ ನನ್ನ ಜೊತೆ ಇದ್ದು ಏನು ಮಾಡ್ತೀರಿ?"

ಅವನು ಆಕೆಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ನಗದಿದ್ರೂ ನಡೆಯುತ್ತೆ ಅನ್ನೋಕೆ ನಿಮಗೂ ಒಬ್ಬರು ಬೇಡ್ವಾ?"