ಎಡಗಡೆ ಬಂಪರ್, ಎರಡು ಗುದ್ದು

"ಕಂಬ ಅಡ್ಡ ಬಂತು" ಎಂದ ಅವನು.

"ಕಂಬ ಅಡ್ಡ ಬರಲ್ಲ ಸರ್. ಅದು ಇದ್ದಲ್ಲೇ ಇರುತ್ತೆ, ನಾವೇ ಹೋಗಿರ್ತೀವಿ" ಎಂದಳು ಅವಳು, ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು.

ಸೋದರಮಾವನ ಗ್ಯಾರೇಜಿನಲ್ಲಿ ಬಂಪರ್ ಕೆಲಸವೆಲ್ಲ ಅವಳದೇ. ಬಿಚ್ಚುವುದು, ಬೆಸೆಯುವುದು, ಬಣ್ಣ ಹೊಡೆಯುವುದು, ಯಾವುದಕ್ಕೂ ಇನ್ನೊಬ್ಬರು ಕೈ ಹಾಕುವ ಹಾಗಿರಲಿಲ್ಲ. ಎಂಟು ವರ್ಷದಿಂದ ಗುದ್ದಿಸಿಕೊಂಡು ಬಂದವರ ಕಥೆ ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ಯಾರು ಏನು ಹೇಳಿದರೂ ಹೂಂಗುಟ್ಟುತ್ತಿದ್ದಳು, ನಂಬುತ್ತಿದ್ದುದು ಮಾತ್ರ ಗೀರನ್ನು.

"ನಿಮ್ದೇನು ಕೆಲಸ ಸರ್?"

"ಕನ್ನಡಕದ ಅಂಗಡಿ. ಕಣ್ಣು ಟೆಸ್ಟ್ ಮಾಡ್ತೀನಿ."

ಅವಳು ತಲೆಯೆತ್ತಿ ನೋಡಿದಳು. "ಊರವರ ಕಣ್ಣೆಲ್ಲ ನೋಡ್ತೀರ, ಇಷ್ಟು ದಪ್ಪ ಕಂಬ ಕಾಣ್ಲಿಲ್ವಾ?"

ಅವನು ನಕ್ಕುಬಿಟ್ಟ. ಕನ್ನಡಕದ ಹಿಂದೆ ಕಣ್ಣೂ ನಕ್ಕವು. ಬೈಸಿಕೊಂಡು ನಗುವ ಗಂಡಸರನ್ನು ಅವಳು ಹೆಚ್ಚು ಕಂಡವಳಲ್ಲ. ಎದೆಯಲ್ಲಿ ಏನೋ ಒಂದು ಚೂರು ಜಾರಿದ ಹಾಗಾಯಿತು. ಥೂ, ಕೆಲಸ ನೋಡು ಎಂದು ತನಗೆ ತಾನೇ ಗದರಿಕೊಂಡಳು.

ಬಂಪರಿನ ಎಡಮೂಲೆ ಕಳಚಿ ಚಕ್ರಕ್ಕೆ ಉಜ್ಜುತ್ತಿದ್ದುದರಿಂದ ಕಾರು ಟೋ ಗಾಡಿಯ ಮೇಲೆ ಬಂದಿತ್ತು, ಅವನು ಹಿಂದೆ ಸ್ಕೂಟರಿನಲ್ಲಿ. "ಸ್ವಲ್ಪ ಅಂಟಿಸಿ, ಬಣ್ಣ ಬಳಿದರೆ ಸಾಕಲ್ವಾ?" ಎಂದು ಕೇಳಿದ. ಅವಳು ಸ್ಕ್ರೂ ಬಿಚ್ಚಿ, ಬಂಪರನ್ನು ಇಳಿಸಿ ಅವನ ಮುಂದಿಟ್ಟಳು. ಒಳಗಿನ ಬ್ರಾಕೆಟ್ ಬಿರುಕು ಬಿಟ್ಟಿತ್ತು. ಹೊಡೆತ ತಡೆಯುವ ಫೋಮ್ ಒಂದು ಕಡೆ ಚಪ್ಪಟೆಯಾಗಿತ್ತು. "ಪ್ಲಾಸ್ಟಿಕ್ ನೋಡಿ ಸರ್, ಪೆಟ್ಟು ತಿಂದು ಮತ್ತೆ ನೆಟ್ಟಗಾಗಿಬಿಡುತ್ತೆ. ಹೊರಗಡೆ ಏನೂ ಆಗಿಲ್ಲ ಅನ್ಸುತ್ತೆ. ಇವನ್ನೆಲ್ಲ ಬದಲಾಯಿಸಬೇಕು, ಐದು ದಿನ ಬೇಕು."

ಗೀರುಗಳು ಎರಡಿದ್ದವು, ಒಂದರ ಪಕ್ಕದಲ್ಲೊಂದು. ನಡೆಯುವ ವೇಗದಲ್ಲಿ ಬಂದು ಗುದ್ದಿ, ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿ ಮತ್ತೆ ಗುದ್ದಿದ್ದಾರೆ. ಹೊಸದಾಗಿ ಕಲಿತವರ ಕೆಲಸ. ಕಾರನ್ನು ಶೆಡ್ಡಿನೊಳಗೆ ತರಲೆಂದು ಅವಳು ಹತ್ತಿ ಕೂತರೆ ಮಂಡಿ ಸ್ಟೀರಿಂಗಿಗೆ ಬಡಿಯಿತು. ಸೀಟು ಪೂರ್ತಿ ಮುಂದಕ್ಕಿತ್ತು, ಮೇಲೊಂದು ಹೂವಿನ ಚಿತ್ತಾರದ ದಿಂಬು. ಅವನೋ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ.

"ನೀವೇ ಓಡಿಸ್ತಿದ್ರಾ?"

"ಹೂಂ, ನಾನೇ" ಎಂದ. ಕಿವಿ ಕೆಂಪಾಯಿತು.

ಓಹೋ, ಮನೆಯಲ್ಲೊಬ್ಬಳು ಕುಳ್ಳಿ ಇದ್ದಾಳೆ ಎಂದುಕೊಂಡಳು. ಇದ್ದರೆ ಇರಲಿ, ನನಗೇನು. ಆದರೆ ಅವತ್ತು ಊಟ ಸೇರಲಿಲ್ಲ.

ಹೆಂಡತಿ ಇದ್ದವನು ಸುಮ್ಮನಿರಬಾರದೇ? ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ನಿಲ್ಲುತ್ತಿದ್ದ. ಬಂಪರಿನ ಕಳಚಿದ ಮೂಲೆಯನ್ನು ಬೆಸೆಯುವುದನ್ನು, ಮರಳುಕಾಗದ ಹಿಡಿದು ಅವಳು ಉಜ್ಜುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಮೂರನೆಯ ದಿನ ಅವಳು ನಾಲ್ಕು ಕಾರ್ಡುಗಳ ಮೇಲೆ ತಿಳಿಬೂದು ಬಣ್ಣ ಸಿಂಪಡಿಸಿ, ಬಿಸಿಲಿಗೆ ತಂದು, ಕಾರಿನ ಮೈಗೆ ಹಿಡಿದು ಹೋಲಿಸುತ್ತಿದ್ದಳು.

"ಇದಾ, ಇದಾ?" ಎಂದು ಕೇಳಿದಳು.

"ಇಡೀ ದಿನ ಲೆನ್ಸ್ ಹಿಡಿದು ನಾನು ಕೇಳೋ ಪ್ರಶ್ನೆ ಇದು. ನನ್ನನ್ನ ಯಾರೂ ಕೇಳಿರ್ಲಿಲ್ಲ" ಎಂದ ಅವನು, ಬಗ್ಗಿ ನೋಡುತ್ತ. "ಎರಡನೇದು. ಒಂದೇ ಒಂದು ಹನಿ ನೀಲಿ ಕಮ್ಮಿಯಾಗ್ಬೇಕು."

ಅವಳೂ ಅದನ್ನೇ ಅಂದುಕೊಂಡಿದ್ದಳು. ಎಂಟು ವರ್ಷದಲ್ಲಿ ಆ ಒಂದು ಹನಿ ನೀಲಿ ಕಂಡ ಇನ್ನೊಂದು ಜೊತೆ ಕಣ್ಣು ಇದೇ ಮೊದಲು. ಅವನು ತಲೆಯೆತ್ತಿದ, ಅವಳು ನೋಟ ಕೀಳಲಿಲ್ಲ. ಅವನೂ ಕೀಳಲಿಲ್ಲ. ಮಾವ ಹಿಂದಿನಿಂದ ಕೆಮ್ಮಿದರು.

ಅವನು ಹೋದ ಮೇಲೆ ಮಾವ ಶುರುಮಾಡಿದರು. "ಏನೇ, ಮೂವತ್ತು ವರ್ಷದಲ್ಲಿ ಬಂಪರನ್ನ ದಿನಾ ಮಾತಾಡಿಸೋಕೆ ಬರೋ ಗಿರಾಕಿನ ನಾನು ನೋಡಿಲ್ಲ."

"ಅವ್ರಿಗೆ ಮದುವೆ ಆಗಿದೆ ಮಾವ."

"ಅವ್ನು ಹೇಳಿದ್ನಾ?"

"ಕಾರ್ ಹೇಳ್ತು."

ಮಾವ ಹಣೆ ಹಣೆ ಚಚ್ಚಿಕೊಂಡರು.

ಐದನೆಯ ದಿನ ಬಂಪರ್ ಕೂರಿಸಿದಳು. ಎರಡೂ ಕಡೆ ಸಂದು ಒಂದೇ ಸಮ, ಲೈಟು ನೆಟ್ಟಗೆ, ಬಣ್ಣ ಎಲ್ಲಿ ಶುರು ಎಲ್ಲಿ ಕೊನೆ ಎಂದು ಅವಳಿಗೇ ಗೊತ್ತಾಗದ ಹಾಗೆ. ಇನ್ನು ಅವನು ಬರುವುದಕ್ಕೆ ಕಾರಣವೇ ಇಲ್ಲ ಎನ್ನುವುದು ನೆನಪಾಗಿ, ಒರೆಸಿದ ಬಂಪರನ್ನೇ ಮತ್ತೊಮ್ಮೆ ಒರೆಸಿದಳು.

"ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು" ಎಂದ ಅವನು, ಕೀ ತೆಗೆದುಕೊಳ್ಳದೆ.

"ಮೊದ್ಲು ನಾನು ಕೇಳ್ತೀನಿ. ಅವತ್ತು ಓಡಿಸಿದ್ದು ಯಾರು?"

ಅವನು ನೆಲ ನೋಡಿದ. "ಮಾತು ಕೊಟ್ಟಿದ್ದೀನಿ. ಹೇಳೋ ಹಾಗಿಲ್ಲ."

"ಹಾಗಾದ್ರೆ ನೀವು ಕೇಳೋದೂ ಬೇಡ. ನಾಲಿಗೆ ತುದಿಗೆ ಸುಳ್ಳು ಇಟ್ಕೊಂಡೋರ ಜೊತೆ ನಂಗೆ ಮಾತಿಲ್ಲ. ಹೊರಡಿ ಸರ್."

ಕೀ ತೆಗೆದುಕೊಂಡು ಹೊರಟೇ ಹೋದ. ಒಂದು ಸಲ ಜಗಳವಾದರೂ ಆಡಬಾರದಿತ್ತೇ, ಪುಣ್ಯಾತ್ಮ. ಅವಳು ಶೆಡ್ಡಿನ ಹಿಂದೆ ಹೋಗಿ, ಥಿನ್ನರ್ ವಾಸನೆಗೆ ಕಣ್ಣುರಿಯುತ್ತಿದೆ ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡು, ಚೆನ್ನಾಗಿ ಅತ್ತಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅದೇ ತಿಳಿಬೂದು ಕಾರು ಗೇಟಿನೊಳಗೆ ಬಂತು. ಬಂತು ಎನ್ನುವುದಕ್ಕಿಂತ ತೆವಳಿತು ಎನ್ನಬೇಕು. ಸ್ಟೀರಿಂಗಿನ ಮೇಲೆ ಎರಡು ಕಣ್ಣು, ಒಂದು ನರೆತ ತುರುಬು ಮಾತ್ರ ಕಾಣುತ್ತಿದ್ದವು. ಪಕ್ಕದ ಸೀಟಿನಲ್ಲಿ ಅವನು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

ಕಾರು ನಿಂತಿತು. ಅವಳ ಭುಜದೆತ್ತರಕ್ಕೂ ಬಾರದ ಹೆಂಗಸೊಬ್ಬರು ಇಳಿದು ಸೆರಗು ಸಿಕ್ಕಿಸಿಕೊಂಡರು.

"ನಾನೇ ಕಣಮ್ಮ ಗುದ್ದಿದ್ದು. ಇವನ ತಾಯಿ. ಅರವತ್ತೊಂದಕ್ಕೆ ಲೈಸೆನ್ಸ್ ತಗೊಂಡೋಳು. ಒಂದು ಗೀರು ಬಿದ್ರೂ ಕೀ ಕಿತ್ಕೊಳ್ತೀನಿ ಅಂತ ನನ್ನ ಮಗಳು ಹೇಳಿಬಿಟ್ಟಿದ್ದಾಳೆ. ಯಾರಿಗೂ ಹೇಳ್ಬೇಡ ಅಂತ ಇವನ ಹತ್ರ ಭಾಷೆ ತಗೊಂಡೆ. ಈ ದಡ್ಡ ನಿಜವಾಗ್ಲೂ ಯಾರಿಗೂ ಹೇಳ್ಲಿಲ್ಲ."

ಅವಳು ಅವನ ಕಡೆ ನೋಡಿದಳು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. "ನಾನು... ಹೆಂಡ್ತಿ ಅಂದ್ಕೊಂಡಿದ್ದೆ" ಎಂದಳು ಸಣ್ಣ ದನಿಯಲ್ಲಿ.

"ಹೆಂಡ್ತಿನಾ?" ಎಂದ ಅವನು.

"ನಿನ್ನೆ ತಟ್ಟೆ ಮುಂದೆ ಕಲ್ಲಾಗಿ ಕೂತಿದ್ದ" ಎಂದರು ತಾಯಿ. "ಬಾಯಿ ಬಿಡಿಸೋ ಹೊತ್ತಿಗೆ ಸಾಕುಸಾಕಾಯ್ತು. ಬೆಳಗಾಗ್ತಿದ್ದ ಹಾಗೆ ಮಗಳಿಗೆ ಫೋನ್ ಮಾಡಿ ಎಲ್ಲಾ ಒಪ್ಕೊಂಡುಬಿಟ್ಟೆ. ನನ್ನ ಕೀ ಹೋದ್ರೆ ಹೋಗ್ಲಿ, ಇವನಿಗೆ ನೀನು ತಪ್ಪಿ ಹೋಗ್ಬಾರ್ದು."

"ಕೀ ಯಾಕೆ ಹೋಗ್ಬೇಕು ಅಮ್ಮ?" ಎಂದಳು ಅವಳು ಗಟ್ಟಿಯಾಗಿ. "ನಾನು ಕಲಿಸ್ತೀನಿ. ಹತ್ತಿ."

ಖಾಲಿ ಡ್ರಮ್ಮು ಎರಡನ್ನು ಅಂಗಳದಲ್ಲಿ ನಿಲ್ಲಿಸಿ, ನಡುವೆ ಕಾರು ತರಲು ಹೇಳಿದಳು. ತಾನು ಎದುರಿಗೆ ಕೈಯೆತ್ತಿ ನಿಂತಳು. ಅವನು ಪಕ್ಕಕ್ಕೆ ಬಂದು ನಿಂತ.

"ನಿಮಗೆ ಸುಳ್ಳು ಹೇಳಿದ್ದಕ್ಕೆ ಸಾರಿ" ಎಂದ.

"ತಪ್ಪು ನಂದೂ ಇದೆ. ಕಾರನ್ನ ಕೇಳ್ದೆ, ನಿಮ್ಮನ್ನ ಸರಿಯಾಗಿ ಕೇಳ್ಲಿಲ್ಲ. ನಿನ್ನೆ ಏನೋ ಕೇಳೋಕೆ ಬಂದಿದ್ರಲ್ಲ, ಕೇಳಿ. ಆದ್ರೆ ಕಾರ್ ನೋಡ್ಕೊಂಡು ಕೇಳಿ."

ಅವನು ಕಾರು ನೋಡಲಿಲ್ಲ. "ನೀವಂದ್ರೆ ನಂಗೆ ತುಂಬಾ ಇಷ್ಟ. ನನ್ನ ಮದುವೆ ಆಗ್ತೀರಾ?"

ಅವಳಿಗೆ ಕುಣಿಯಬೇಕೆನ್ನಿಸಿತು. ಎತ್ತಿದ ಕೈ ಇಳಿಸುವ ಹಾಗಿರಲಿಲ್ಲ, ಬಂಪರ್ ಬಲಗಡೆಯ ಡ್ರಮ್ಮಿಗೆ ಒಂದು ಗೇಣಿನಷ್ಟು ಹತ್ತಿರ ಬಂದಿತ್ತು.

"ಅತ್ತೆ" ಎಂದು ಕೂಗಿದಳು, "ಸ್ಟೀರಿಂಗ್ ಸ್ವಲ್ಪ ಎಡಕ್ಕೆ ತಗೊಳ್ಳಿ."

ಕಾರು ಗಕ್ಕನೆ ನಿಂತಿತು. ಕಿಟಕಿಯಿಂದ ನರೆತ ತಲೆ ಹೊರಬಂತು.

"ಏನಂದೆ? ಇನ್ನೊಂದ್ಸಲ ಹೇಳು."

"ಎಡಕ್ಕೆ ಅಂದೆ, ಅತ್ತೆ."

ಅವನಿನ್ನೂ ಉತ್ತರಕ್ಕೆ ಕಾಯುತ್ತ ಅವಳ ಮುಖವನ್ನೇ ನೋಡುತ್ತಿದ್ದ.

"ಲೋ ಪೆದ್ದ" ಎಂದರು ತಾಯಿ ಕಾರಿನಿಂದಲೇ, "ಅವಳು ನನ್ನನ್ನ ಏನಂತ ಕರೆದಳು ಕೇಳಿಸ್ತೇನೋ?"

ಅವನು ತಾಯಿಯನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಕಿವಿಯಿಂದ ಕುತ್ತಿಗೆಯವರೆಗೆ ನಿಧಾನವಾಗಿ ಕೆಂಪಾದ.